ಹ್ಯಾಂಡಲ್ ತಿರುಗುತ್ತದೆ, ಸ್ಲೈಡ್ ಕದಲುವುದಿಲ್ಲ: ಇದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಕೇಳಬೇಕಿತ್ತು. ನಿಜಕ್ಕೂ ಮೂರು ಬೇಕು, ಆದರೆ ತಲೆ ಕೆಡಿಸಿರುವುದು ಒಂದೇ.

ಹಳೆಯ ಲೇತ್ (ಲೋಹದ ಸರಳನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಒಂದನ್ನು ಬಿಚ್ಚಿ, ಜಿಡ್ಡು ತೊಳೆದು, ಮತ್ತೆ ಜೋಡಿಸುತ್ತಿದ್ದೇನೆ. ಈ ಕೆಲಸಕ್ಕೆ ಹೊಸಬ. ಏನು ಬಿಚ್ಚಿದೆ, ಎಲ್ಲಿ ಸವೆದಿದೆ ಅಂತ ದಿನಾ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಕನ್ನಡದಲ್ಲೇ. ಲೇತ್, ಚಕ್ (ಸರಳನ್ನು ಕಚ್ಚಿ ಹಿಡಿಯುವ ಭಾಗ), ಬೆಡ್ (ಯಂತ್ರದ ಅಡಿಪಾಯ), ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ದಂಡ) ಇವಕ್ಕೆ ನನಗೆ ಬೇರೆ ಪದ ಬೇಡ. ಅವು ಹೆಸರು ಸಮೇತ ಬಂದ ಸಾಮಾನು, ಹಾಗೇ ಇರಲಿ. ಕಷ್ಟವಾಗುವುದು ಯಂತ್ರ ಹೇಗೆ ನಡೆದುಕೊಳ್ಳುತ್ತಿದೆ ಎಂದು ಬರೆಯುವಾಗ.

ಮೊದಲ ವಾರದ ಪುಟಗಳನ್ನು ಈಗ ತೆಗೆದರೆ ಎಲ್ಲೆಲ್ಲೂ ‘ಲೂಸ್’. ಕ್ರಾಸ್ ಸ್ಲೈಡ್ (ಕತ್ತರಿಸುವ ಉಳಿಯನ್ನು ಹೊತ್ತು ಅಡ್ಡಕ್ಕೆ ಜಾರುವ ಭಾಗ) ಲೂಸ್, ಅದನ್ನು ಸರಿಸುವ ಹ್ಯಾಂಡಲ್ ಲೂಸ್, ಚಕ್ ಲೂಸ್. ಕೊನೆಯದನ್ನು ಓದಿ ನಾನೇ ಗಾಬರಿಯಾದೆ. ಚಕ್ ನಿಜವಾಗಿ ಲೂಸ್ ಆಗಿದ್ದರೆ ಅದರ ಹತ್ತಿರ ನಿಲ್ಲುವಂತಿಲ್ಲ! ನಾನು ಹೇಳಹೊರಟದ್ದು, ಅದು ತಿರುಗುವಾಗ ನೇರ ತಿರುಗುತ್ತಿಲ್ಲ ಅಂತ ಅಷ್ಟೇ.

ಮೂರೂ ಬೇರೆ ಬೇರೆ ಸಂಗತಿ. ಸ್ಲೈಡ್ ಅನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಅಕ್ಕಪಕ್ಕಕ್ಕೆ ಅಲುಗುವುದು ಒಂದು. ಇದಕ್ಕೆ ಪಕ್ಕದ ಸಂದು ತುಂಬುವ ಗಿಬ್ ಪಟ್ಟಿಯನ್ನು ಬಿಗಿ ಮಾಡಬೇಕು. ಚಕ್‌ನಲ್ಲಿ ಹಿಡಿದ ಸರಳು ತಿರುಗುವಾಗ ಅದಕ್ಕೆ ತಾಗಿಸಿಟ್ಟ ಡಯಲ್ ಗೇಜಿನ (ಸಣ್ಣ ಕದಲಿಕೆಯನ್ನೂ ಅಳೆಯುವ ಉಪಕರಣ) ಮುಳ್ಳು ಆಚೆ ಈಚೆ ಹೋಗುವುದು ಇನ್ನೊಂದು. ಇದರಲ್ಲಿ ತಪ್ಪು ಸ್ಪಿಂಡಲ್‌ನದೋ ಚಕ್‌ನದೋ ಅಂತ ಬೇರೆ ನೋಡಬೇಕು. ಮೂರು ಜಾ (ಹಿಡಿಯುವ ಹಲ್ಲು) ಇರುವ ಚಕ್ ಸರಳನ್ನು ಸರಿಯಾಗಿ ನಡುವೆ ಹಿಡಿಯದೇ ಇರುವುದೇ ಜಾಸ್ತಿ, ಪಾಪದ ಬೇರಿಂಗನ್ನು ಬೈದು ಪ್ರಯೋಜನವಿಲ್ಲ.

ನನ್ನ ಪ್ರಶ್ನೆ ಮೂರನೆಯದರದ್ದು. ಕ್ರಾಸ್ ಸ್ಲೈಡ್ ಹ್ಯಾಂಡಲನ್ನು ಒಳಮುಖವಾಗಿ ತಿರುಗಿಸಿ ಸೊನ್ನೆಯಲ್ಲಿ ನಿಲ್ಲಿಸಿದೆ. ಈಗ ಹಿಂದಕ್ಕೆ ತಿರುಗಿಸಿದೆ. ಹ್ಯಾಂಡಲ್ ಬುಡದ ಡಯಲ್‌ನಲ್ಲಿ ಒಂದು ಗೆರೆಗೆ 0.02 ಮಿ.ಮೀ. ಹದಿನೆಂಟು ಗೆರೆ ದಾಟಿತು, ಬೆರಳಿಟ್ಟು ನೋಡಿದರೆ ಸ್ಲೈಡ್ ಇದ್ದಲ್ಲೇ ಇದೆ. ಹತ್ತೊಂಬತ್ತನೆಯ ಗೆರೆಗೆ ‘ಟಕ್’ ಅಂತ ಹಿಡಿದು ಹೊರಟಿತು. ಅಂದರೆ 0.36 ಮಿ.ಮೀ.ನಷ್ಟು ನಾನು ಸುಮ್ನೆ ತಿರುಗಿಸಿದ್ದೇನೆ. ಹ್ಯಾಂಡಲ್ ತಿರುಗಿಸುವ ಸ್ಕ್ರೂ ಮತ್ತು ಸ್ಲೈಡನ್ನು ಎಳೆಯುವ ನಟ್ ಮಧ್ಯೆ ಇರುವ ಸಂದು ಇದು. ನಟ್ ಸಾಮಾನ್ಯವಾಗಿ ಕಂಚಿನದು, ಸ್ಕ್ರೂಗಿಂತ ಮೆದು, ಆದ್ದರಿಂದ ಬೇಗ ಸವೆಯುತ್ತದೆ. ಇಂಗ್ಲಿಷಿನಲ್ಲಿ ಇದು ಬ್ಯಾಕ್‌ಲ್ಯಾಶ್.

ಬ್ಯಾಕ್ ಎಂದರೆ ಹಿಂದೆ, ಲ್ಯಾಶ್ ಎಂದರೆ ಏಟು ಎಂದು ಹೊರಟೆ. ‘ಹಿಂದೇಟು’ ಸಿಕ್ಕಿತು. ನಗು ಬಂತು. ಆಮೇಲೆ ಅನಿಸಿತು, ಇದು ಅಷ್ಟೇನೂ ಕೆಟ್ಟದ್ದಲ್ಲ. ದಿಕ್ಕು ಬದಲಿಸಿದಾಗ ಸ್ಲೈಡ್ ನಿಜಕ್ಕೂ ಹಿಂದೇಟು ಹಾಕುತ್ತದೆ ಅಲ್ವಾ? ಆದರೆ ‘0.36 ಮಿ.ಮೀ. ಹಿಂದೇಟು’ ಎಂದು ಬರೆದರೆ ಅಳತೆ ಅನಿಸುವುದಿಲ್ಲ, ದೂರು ಅನಿಸುತ್ತದೆ.

‘ಬರಿಸುತ್ತು’ ನೋಡಿದೆ, ಬರಿಗೈ, ಬರಿಗಾಲು ಇದ್ದ ಹಾಗೆ. ಅರ್ಥ ಥಟ್ಟನೆ ಹೊಳೆಯುತ್ತದೆ. ಆದರೆ ಸುತ್ತು ಎಂದರೆ ಒಂದು ಪೂರ್ತಿ ಸುತ್ತು ಅನಿಸಿಬಿಡುತ್ತದೆ, ಇದು ಸುತ್ತಿನ ಒಂದು ತುಣುಕು. ‘ತಿರುವು’ ಸೇರಿಸೋಣವೆಂದರೆ ಸಂಧಿ ಕಾಟ: ಬರಿದಿರುವು. ಬರಿದು ಇರುವು ಅಂತ ಯಾವುದೋ ವೇದಾಂತದ ಮಾತಿನಂತೆ ಕೇಳುತ್ತದೆ. ‘ಹುಸಿ ತಿರುವು’ ಕೂಡ ಬೇಡ. ಹುಸಿ ಎಂದ ಕೂಡಲೇ ಅದು ತಪ್ಪು ಅಂತಾಗುತ್ತದೆ. ಈ ಸಂದು ಪೂರ್ತಿ ತಪ್ಪಲ್ಲ. ಸ್ವಲ್ಪವೂ ಇಲ್ಲದಿದ್ದರೆ ಸ್ಕ್ರೂ ತಿರುಗುವುದೇ ಇಲ್ಲ. ಹೆಚ್ಚು ಬಳಸಿದ ಜಾಗದಲ್ಲಿ ಸ್ಕ್ರೂ ಸವೆದಿರುತ್ತದೆ. ಅಲ್ಲಿಗೆ ಸರಿಯಾಗಿ ನಟ್ ಬಿಗಿ ಮಾಡಿದರೆ, ಸವೆಯದ ಕೊನೆಗೆ ಬಂದಾಗ ಕಚ್ಚಿ ನಿಲ್ಲುತ್ತದೆ. ಇದನ್ನು ನಾನು ಮಾಡಿ ನೋಡಿಯೇ ಕಲಿತದ್ದು. ಈಗ ಅದನ್ನು ಅದರಷ್ಟಕ್ಕೆ ಬಿಟ್ಟಿದ್ದೇನೆ. ಬೇಕಾದ ಗೆರೆ ದಾಟಿದರೆ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದಕ್ಕೆ ಹೋಗಿ ಆ ಗೆರೆಗೆ ನಿಲ್ಲಿಸುವುದು.

ಹಾಗಾಗಿ ನನ್ನ ಒಲವು ‘ಆಟ’ದ ಕಡೆ. ಇಂಥ ಸಡಿಲಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಪ್ಲೇ’ ಎಂಬುದರ ಅನುವಾದ ಅಂತ ನೀವು ಹೇಳಬಹುದು. ಆದರೆ ಗಾಳಿ ಆಡಲಿ ಅನ್ನುತ್ತೇವೆ, ಉಸಿರಾಡುತ್ತೇವೆ, ಡಬ್ಬದಲ್ಲಿ ಕೈಯಾಡಿಸುತ್ತೇವೆ. ತಡೆಯಿಲ್ಲದೆ ಓಡಾಡುವ ಜಾಗ ಎಂಬ ಅರ್ಥ ‘ಆಡು’ವಿನಲ್ಲಿ ಮೊದಲೇ ಇದೆ. ಅದೇ ಬಳಗದಲ್ಲಿ ಉಳಿದೆರಡೂ ಸಿಗುತ್ತವೆ: ಗಿಬ್‌ನದು ಅಲುಗಾಟ, ಚಕ್‌ನದು ಓಲಾಟ. ಹ್ಯಾಂಡಲ್‌ನದು ಏನಾಟ ಅನ್ನುವುದೇ ಬಾಕಿ. ‘ತಿರುಗಾಟ’ ಅಂದರೆ ಊರೂರು ಸುತ್ತಿದಂತಾಗುತ್ತದೆ!

ಬರೀ ‘ಆಟ’ ಅಂದರೆ ಸಾಕೇ? ‘ಸ್ಕ್ರೂವಿನ ಆಟ 0.36’ ಎಂದು ಬರೆದರೆ ನಿಮಗೆ ತಿಳಿಯುತ್ತದೆಯೇ, ನಗು ಬರುತ್ತದೆಯೇ? ಸ್ಟೀರಿಂಗ್‌ನಲ್ಲೋ ಹೊಲಿಗೆ ಮಷಿನ್ನಿನಲ್ಲೋ ಇದೇ ಸಂಗತಿಗೆ ನಿಮ್ಮ ಕಡೆ ಬೇರೆ ಮಾತು ಬಳಕೆಯಲ್ಲಿದ್ದರೆ, ಹೊಸದಾಗಿ ಕಟ್ಟಿದ ಪದಕ್ಕಿಂತ ಮೊದಲು ಅದನ್ನು ತಿಳಿಸಿ. ನಾಳೆ ಟೂಲ್ ಪೋಸ್ಟ್ (ಉಳಿ ಹಿಡಿಯುವ ಭಾಗ) ಬಿಚ್ಚುತ್ತೇನೆ, ಅದೂ ಅಲುಗುತ್ತಿದೆ.