‘ಗ್ರೂಪ್ ಕೌನ್ಸೆಲಿಂಗ್’ ಅಂತ ಪೋಸ್ಟರ್ ಹಾಕಿದರೆ ಮಾರ್ಕ್ಸ್ ಕಾರ್ಡ್ ಹಿಡಿದು ಬಂದರು. ಗುಂಪು ಕಟ್ಟುವುದು ಹೇಗೆ?

ಕ್ಯಾತ್ಸಂದ್ರ ಮೇಡಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಕ್ಯಾಂಪಸ್ಸಿನಲ್ಲಿ ನಾನು ವಿದ್ಯಾರ್ಥಿಗಳ ಕೌನ್ಸೆಲರ್. ಸಂಸ್ಥೆಯ ಹೆಸರು ಬೇಡ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಒಬ್ಬ ಅರ್ಹ ಕೌನ್ಸೆಲರ್ ಆದರೂ ಇರಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದಾದ ಮೇಲೆ ಹುಟ್ಟಿದ ಹುದ್ದೆ ನನ್ನದು. ಬೋರ್ಡಿನಲ್ಲಿ ‘ಆಪ್ತ ಸಮಾಲೋಚನಾ ಕೇಂದ್ರ’ ಅಂತ ಬರೆಸಿದ್ದಾರೆ. ಕೇಂದ್ರ ಅಂದರೆ ನಾನೊಬ್ಬಳೇ. ಒಂದು ಟೇಬಲ್, ಮೂರು ಕುರ್ಚಿ.

ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದರೆ ದಿನಕ್ಕೆ ಐದು ಜನ. ಬಂದವರಲ್ಲಿ ಮುಕ್ಕಾಲು ಪಾಲು ಹೇಳುವುದು ಒಂದೇ ಥರ. ಹಳ್ಳಿಯಿಂದ ಬಂದಿದ್ದೇನೆ, ಇಂಗ್ಲಿಷಿನಲ್ಲಿ ಪಾಠ ಅರ್ಥ ಆಗಲ್ಲ, ಎರಡು ಸಬ್ಜೆಕ್ಟ್ ಉಳಿದಿದೆ, ಮನೆಗೆ ಹೇಳಿಲ್ಲ. ಇವರನ್ನೆಲ್ಲ ಒಟ್ಟಿಗೆ ಕೂರಿಸಿದರೆ ಒಬ್ಬರಿಗೊಬ್ಬರು ಆಗುತ್ತಾರೆ ಅಲ್ವಾ ಅಂತ ಗುಂಪಿನ ಯೋಚನೆ ಬಂತು.

ಪೋಸ್ಟರ್ ಮಾಡಿಸಿದೆ. ‘ಗ್ರೂಪ್ ಕೌನ್ಸೆಲಿಂಗ್, ಬುಧವಾರ ಸಂಜೆ 4ಕ್ಕೆ.’ ಮೊದಲ ಬುಧವಾರ ನಾಲ್ಕು ಜನ ಬಂದರು. ಇಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಒಳಗೆ ಮಾರ್ಕ್ಸ್ ಕಾರ್ಡ್, ಜಾತಿ ಆದಾಯ ಸರ್ಟಿಫಿಕೇಟ್, ಎಲ್ಲದಕ್ಕೂ ಎರಡೆರಡು ಝೆರಾಕ್ಸ್. “ಮೇಡಂ, ಬಿ.ಎಡ್ ಸೀಟಿನ ಕೌನ್ಸೆಲಿಂಗ್ ಇಲ್ಲೇನಾ?” ಅಂತ ಕೇಳಿದರು. ನಗುವುದೋ ಅಳುವುದೋ ತಿಳಿಯಲಿಲ್ಲ. ನಮ್ಮ ಕಡೆ ಕೌನ್ಸೆಲಿಂಗ್ ಅಂದರೆ ಸಿಇಟಿ ಸೀಟು, ಇಲ್ಲದಿದ್ದರೆ ಮೇಷ್ಟರ ವರ್ಗಾವಣೆ. ಇದು ನನಗೇ ಹೊಳೆಯಬೇಕಿತ್ತು. ಮೂರನೆಯವನು ಅವರ ಜೊತೆಗೆ ಬಂದವನು. ನಾಲ್ಕನೆಯವಳು ಮಾತ್ರ ನಿಜವಾಗಿ ನನ್ನನ್ನು ಹುಡುಕಿಕೊಂಡು ಬಂದವಳು. ಉಳಿದವರು ಎದ್ದಿದ್ದೇ ತಡ, ಅವಳೂ “ಆಮೇಲೆ ಬರ್ತೀನಿ ಮೇಡಂ” ಅಂತ ಬ್ಯಾಗು ತಗೊಂಡಳು. ಆಮೇಲೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಮೇಲಿನವರಿಗೆ ಲೆಕ್ಕ ಬೇಕು, ಎಷ್ಟು ಜನಕ್ಕೆ ಮಾಡಿದಿರಿ ಅಂತ. ಸರಿ, ಸುತ್ತೋಲೆ ಹೋಯಿತು. ಎರಡನೇ ಸಲ ಸೆಮಿನಾರ್ ಹಾಲಿಗೆ 52 ಜನ ಬಂದರು, ಹಾಜರಾತಿಗೆ. ಚೆಂಡು ಎಸೆಯುವ ಆಟ ಆಡಿಸಿದೆ. ಚೆಂಡು ಸಿಕ್ಕವರು ತಮ್ಮನ್ನು ಕಾಡುವ ಒಂದು ವಿಷಯ ಹೇಳಬೇಕು. ಮೊದಲ ಮೂವರು “ಎಕ್ಸಾಂ”, “ಟ್ರಾಫಿಕ್”, “ಹಾಸ್ಟೆಲ್ ಸಾಂಬಾರು” ಅಂದರು. ಎಲ್ಲರೂ ನಕ್ಕರು. ಆಮೇಲೆ ಒಬ್ಬ ಹುಡುಗನ ಕೈಗೆ ಚೆಂಡು ಹೋಯಿತು. ವಿವರ ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ. ಅವನು ಎದ್ದು ನಿಂತು, ಅಪ್ಪ ಸಾಲ ಮಾಡಿ ಮೂರು ಬೋರ್ ಕೊರೆಸಿದ್ದು, ಮೂರೂ ಫೇಲಾಗಿದ್ದು, ಅಪ್ಪ ಈಗ ಮನೆಯಲ್ಲಿ ಯಾರ ಜೊತೆಗೂ ಮಾತಾಡದೆ ಇರುವುದು, ಎಲ್ಲ ಹೇಳಿಬಿಟ್ಟ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ. ಹಾಲಿನಲ್ಲಿ ಸದ್ದಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಮಾತಿಗೇ ನಕ್ಕರೋ ಬೇರೆ ಯಾವುದಕ್ಕೋ, ಗೊತ್ತಿಲ್ಲ. ಅವನ ಮುಖ ಸಣ್ಣದಾಯಿತು. ನಾನು “ಹೇಳಿದ್ದಕ್ಕೆ ಥ್ಯಾಂಕ್ಸ್” ಅಂದು ಚೆಂಡು ಮುಂದಕ್ಕೆ ಕಳಿಸಿದೆ. ಅದೇ ನನ್ನನ್ನು ಈಗಲೂ ಕೊರೆಯುತ್ತಿದೆ.

ಮರುವಾರ ಕ್ಯಾಂಟೀನಿನಲ್ಲಿ ಯಾರೋ ಅವನನ್ನು “ಏಯ್ ಬೋರ್‌ವೆಲ್” ಅಂತ ಕರೆದದ್ದು ನನ್ನ ಕಿವಿಗೇ ಬಿತ್ತು. ಈಗ ಅವನು ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಆರೆಂಟು ಜನರ ನಿಜವಾದ ಗುಂಪು ಕಟ್ಟುವುದು ಹೇಗೆ? ಆ ಹುಡುಗನ ವಿಷಯದಲ್ಲಿ ಈಗ ನಾನೇನು ಮಾಡಬೇಕು? ಅನುಭವ ಇರುವವರು ಹೇಳಿ.

ಶಿರಾ ಗೇಟ್ ಉತ್ತರಿಸಿದ್ದು:

ನಾನು ಕಾಲೇಜು ಮೇಷ್ಟ್ರು. ನನ್ನ ಪ್ರಕಾರ ಕಡ್ಡಾಯ ಮಾಡದೆ ನಮ್ಮ ಹುಡುಗರು ಎಲ್ಲಿಗೂ ಬರುವುದಿಲ್ಲ ಮೇಡಂ. ಎರಡು ಮಾರ್ಕ್ಸ್ ಇಂಟರ್ನಲ್ಸ್ ಕೊಡುತ್ತೇವೆ ಅಂದು ನೋಡಿ, ಹಾಲ್ ತುಂಬುತ್ತದೆ.

ಅಂತರಗಂಗೆ ಉತ್ತರಿಸಿದ್ದು:

ಮೇಷ್ಟ್ರೇ, ಹಾಲ್ ತುಂಬಿದ್ದೇ ಇಲ್ಲಿ ತೊಂದರೆ ಆಗಿರುವುದು. ಮಾರ್ಕ್ಸಿಗೆ ಬಂದವನು ಮಾರ್ಕ್ಸಿಗೆ ತಕ್ಕಷ್ಟೇ ಮಾತಾಡುತ್ತಾನೆ. ನಿಜ ಹೇಳಿದವನು ಸಿಕ್ಕಿಹಾಕಿಕೊಳ್ಳುತ್ತಾನೆ.

ಮೇಡಂ, ನಾನು ಕೋಲಾರದ ಕಡೆ ಇದೇ ಕೆಲಸದಲ್ಲಿ 15 ವರ್ಷ ಇದ್ದವನು. ಮೊದಲು ಆ ಹುಡುಗ. ಆಫೀಸಿಗೆ ಕರೆಸಬೇಡಿ. ಜವಾನನ ಕೈಲಿ ಚೀಟಿ ಹೋದರೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ. ಎಲ್ಲಾದರೂ ಒಬ್ಬನೇ ಸಿಕ್ಕಾಗ ಎರಡೇ ಮಾತು ಹೇಳಿ. “ಅವತ್ತು ಅಷ್ಟು ಜನರ ಮುಂದೆ ಆ ಆಟ ಆಡಿಸಿದ್ದು ನನ್ನ ತಪ್ಪು. ಬೇಕಾದಾಗ ಬಾ, ಬರದಿದ್ದರೂ ಬೇಜಾರಿಲ್ಲ.” ಅಷ್ಟೇ. ಅಲ್ಲೇ ನಿಲ್ಲಿಸಿಕೊಂಡು ಮನೆ ವಿಷಯ ಕೆದಕಬೇಡಿ. ಕ್ಷಮೆ ಕೇಳಲು ಹೋಗಿ ಇನ್ನೊಂದು ಕೌನ್ಸೆಲಿಂಗ್ ಶುರು ಮಾಡುವವರನ್ನು ತುಂಬಾ ನೋಡಿದ್ದೇನೆ.

ಈಗ ಗುಂಪು. ನೀವು ಎರಡು ಬೇರೆ ಕೆಲಸವನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದ್ದೀರಿ. 52 ಜನ ಕೂತರೆ ಅದು ಸಭೆ. ಸಭೆಯಲ್ಲಿ ನೀವು ಮಾತಾಡಬೇಕು, ಮಕ್ಕಳ ಬಾಯಿ ಬಿಡಿಸಬಾರದು. ಯಾರಾದರೂ ಸ್ವಂತ ವಿಷಯ ಶುರು ಮಾಡಿದರೆ “ಇದನ್ನು ನಾವಿಬ್ಬರೇ ಕೂತು ಮಾತಾಡೋಣ” ಅಂತ ಮೆಲ್ಲಗೆ ತಡೆಯಬೇಕು. ತಡೆಯುವುದು ಒರಟುತನ ಅನಿಸುತ್ತದೆ, ಆದರೆ ಅವರನ್ನು ಕಾಯುವ ದಾರಿ ಅದೇ.

ಸಭೆಯಲ್ಲಿ ನಾನು ಚೀಟಿ ಬರೆಸುತ್ತಿದ್ದೆ. ಒಂದೇ ಅಳತೆಯ ಚೀಟಿ, ಹೆಸರಿಲ್ಲ. ಕಾಡುವ ವಿಷಯ ಇದ್ದವರು ಅದನ್ನು ಬರೆಯಲಿ, ಇಲ್ಲದವರು ಇಷ್ಟದ ತಿಂಡಿಯ ಹೆಸರು ಬರೆಯಲಿ. ಆದರೆ ಎಲ್ಲರೂ ಬರೆಯಲೇಬೇಕು. ಆಗ ಯಾರ ಪೆನ್ನು ಓಡಿತು, ಯಾರದು ಓಡಲಿಲ್ಲ ಅಂತ ಪಕ್ಕದವನಿಗೆ ತಿಳಿಯುವುದಿಲ್ಲ. ಸಾಯಬೇಕು ಅನಿಸುತ್ತದೆ ಅಂತ ಯಾರಾದರೂ ಬರೆದಿದ್ದರೆ ಕೈಬರಹ ಹೋಲಿಸಿ ಪತ್ತೆ ಮಾಡಲು ಹೋಗಬೇಡಿ. ಅವತ್ತೇ ಆ ಕ್ಲಾಸಿಗೆ ವಾಪಸ್ ಹೋಗಿ, ನೀವು ಎಷ್ಟು ಹೊತ್ತಿನವರೆಗೆ ಎಲ್ಲಿರುತ್ತೀರಿ ಅಂತ ಎಲ್ಲರಿಗೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಗುಂಪಿಗೆ ಬರುವ ಪ್ರತಿಯೊಬ್ಬರನ್ನೂ ಮೊದಲು ಒಂಟಿಯಾಗಿ ಇಪ್ಪತ್ತು ನಿಮಿಷ ನೋಡಿ. ಇದನ್ನು ಬಿಡಲೇಬೇಡಿ. ಸಾಯುವ ಯೋಚನೆ ಸದ್ಯಕ್ಕೆ ಜೋರಾಗಿರುವವರನ್ನು ಗುಂಪಿಗೆ ಹಾಕಬೇಡಿ. ಅವರನ್ನು ನೀವೇ ನೋಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ. ಒಂದೇ ರೂಮಿನವರು, ಒಂದೇ ಊರಿನವರು, ಪ್ರೀತಿ ಮಾಡುತ್ತಿರುವವರು, ಈಗಷ್ಟೇ ಬಿಟ್ಟುಕೊಂಡವರು, ಇವರನ್ನೂ ಒಂದೇ ಗುಂಪಿನಲ್ಲಿ ಕೂರಿಸಬೇಡಿ. ನಮ್ಮ ಜಿಲ್ಲೆಗಳಲ್ಲಿ ಎಲ್ಲರೂ ಎಲ್ಲೋ ಒಂದು ಕಡೆ ನೆಂಟರೇ. ಕೇಳಿಯೇ ತಿಳಿದುಕೊಳ್ಳಬೇಕು.

ಶುರುವಾದ ಮೇಲೆ ಬಾಗಿಲು ಮುಚ್ಚಿ. ನಡುವೆ ಹೊಸಬರು ಬೇಡ. ಎಂಟು ವಾರ, ಅದೇ ಜಾಗ, ಅದೇ ಹೊತ್ತು. ಗುಟ್ಟಿನ ವಿಷಯದಲ್ಲಿ ಸುಳ್ಳು ಭರವಸೆ ಕೊಡಬೇಡಿ. “ನಾನು ಹೊರಗೆ ಹೇಳುವುದಿಲ್ಲ, ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೇಳಬೇಕಾಗುತ್ತದೆ. ಉಳಿದವರ ಬಾಯಿಗೆ ನಾನು ಬೀಗ ಹಾಕಲಾರೆ, ನೀವೇ ಒಬ್ಬರಿಗೊಬ್ಬರು ಮಾತು ಕೊಡಿ” ಅನ್ನಿ. ವಾಟ್ಸಾಪ್ ಗ್ರೂಪ್ ಮಾತ್ರ ಬೇಡವೇ ಬೇಡ. ಒಂದು ಸ್ಕ್ರೀನ್‌ಶಾಟ್ ಸಾಕು.

ಗುಂಪಿನಲ್ಲಿ ಕೂತವರಿಗೆ ಯಾವುದರಿಂದ ಗುಣ ಸಿಗುತ್ತದೆ ಅಂತ ಅಮೆರಿಕದ ಮನೋವೈದ್ಯ ಯಾಲೊಮ್ ಹೇಳಿದ 11 ಅಂಶ ನೀವೂ ಬಾಯಿಪಾಠ ಮಾಡಿರುತ್ತೀರಿ. ನನಗೆ ಕೆಲಸಕ್ಕೆ ಬಂದದ್ದು ಜಾಸ್ತಿ ಒಂದೇ, ‘ನನಗೊಬ್ಬನಿಗೇ ಅಲ್ಲ’ ಅನ್ನುವುದು. 1905ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಪ್ರಾಟ್ ಅನ್ನುವ ಡಾಕ್ಟರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿದ್ದು ಗಾಳಿ, ಆಹಾರ, ವಿಶ್ರಾಂತಿಯ ಪಾಠ ಹೇಳಲಿಕ್ಕೆ. ಪಾಠಕ್ಕಿಂತ ಒಬ್ಬರನ್ನೊಬ್ಬರು ನೋಡಿಯೇ ಅವರಿಗೆ ಧೈರ್ಯ ಬಂತು. ನೀವೂ ಜಾಸ್ತಿ ಆಟ ಆಡಿಸಬೇಡಿ.

ಇನ್ನೊಂದು ಮಾತು. “ಹೇಗನ್ನಿಸುತ್ತಿದೆ?” ಅಂತ ಕೇಳಿದರೆ “ಚೆನ್ನಾಗಿದೀನಿ ಸರ್” ಅಂತಲೇ ಬರುತ್ತದೆ. “ರಾತ್ರಿ ನಿದ್ದೆ ಬಂತಾ? ಊಟ ಸೇರ್ತಿದೆಯಾ?” ಅಂತ ಕೇಳಿ ನೋಡಿ.

ಪಾವಗಡ ಬಸ್ಸು ಉತ್ತರಿಸಿದ್ದು:

ಮೇಡಂ, ನಾನು ತುಮಕೂರಿನಲ್ಲಿ ಓದಿದವಳು, ಈಗ ಕೆಲಸದಲ್ಲಿದ್ದೇನೆ. ಓದುವಾಗ ಇಂಥದ್ದೇ ಒಂದು ಗುಂಪಿನಲ್ಲಿದ್ದೆ. ಮೇಲಿನ ಸರ್ ಹೇಳಿದ್ದು ಸರಿ, ಆದರೆ ಎರಡು ವಿಷಯ ಬಿಟ್ಟಿದ್ದಾರೆ. ಗಂಡಸರಿಗೆ ಹೊಳೆಯುವುದಿಲ್ಲ ಅನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಸರ್.

ಒಂದು, ಸಂಜೆ 4 ಗಂಟೆ. ಮಧುಗಿರಿ, ಕೊರಟಗೆರೆ, ಗುಬ್ಬಿ ಕಡೆಯ ಹುಡುಗಿಯರು ಆ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಓಡುತ್ತಿರುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಾಸ್ಟೆಲ್ ಬಿಟ್ಟು ಮನೆಯಿಂದಲೇ ಓಡಾಡುವವರು ನನಗೆ ಗೊತ್ತಿರುವವರಲ್ಲೇ ಎಷ್ಟೋ ಜನ. ಸರ್ಕಾರಿ ಬಸ್ಸೇ ಬೇಕು. ಅದು ತಪ್ಪಿದರೆ ಪ್ರೈವೇಟಿಗೆ ದುಡ್ಡು ಕೊಡಬೇಕು, ಮನೆಗೆ ಲೇಟು, ಯಾಕೆ ಲೇಟು ಅಂತ ಅಮ್ಮ ಕೇಳುತ್ತಾರೆ. ಏನು ಹೇಳುವುದು? ಬಂದು ಎದ್ದು ಹೋದವಳಿಗೂ ಬಸ್ಸಿನ ಚಿಂತೆ ಇತ್ತೇನೋ.

ಎರಡು, ಬಾಗಿಲು. ನಿಮ್ಮ ರೂಮಿನ ಎದುರಿಗೆ ಏನಿದೆ? ನಮ್ಮಲ್ಲಿ ಎಕ್ಸಾಂ ಸೆಕ್ಷನ್ ಕಿಟಕಿ ಇತ್ತು. ರೀವ್ಯಾಲ್ಯುಯೇಷನ್ ಅರ್ಜಿಗೆ ಸಾಲು ನಿಂತವರಿಗೆಲ್ಲ ಒಳಗೆ ಹೋಗುವವರು ಕಾಣುತ್ತಿದ್ದರು. ನಾನು ಮೂರು ಸಲ ಬಾಗಿಲವರೆಗೆ ಹೋಗಿ, ನೀರು ಕುಡಿಯುವವಳ ಥರ ನಾಟಕ ಮಾಡಿ ವಾಪಸ್ ಬಂದಿದ್ದೇನೆ. ಅಲ್ಲಿ ನಲ್ಲಿಯಲ್ಲಿ ನೀರೇ ಬರುತ್ತಿರಲಿಲ್ಲ!

ಆಮೇಲೆ ನಮ್ಮ ಮೇಡಂ ಗುಂಪನ್ನು ಮಧ್ಯಾಹ್ನ ಊಟದ ಬಿಡುವಿಗೆ ಹಾಕಿದರು. ಪೋಸ್ಟರಿನಲ್ಲಿ ಕೌನ್ಸೆಲಿಂಗ್ ಅನ್ನುವ ಪದವೇ ಇಲ್ಲ. ‘ಓದಿದ್ದು ತಲೆಗೆ ಹತ್ತುತ್ತಿಲ್ವಾ? ಡಬ್ಬಿ ತಗೊಂಡು ಬನ್ನಿ’ ಅಂತಿತ್ತು. ಮೊದಲ ಎರಡು ವಾರ ಮಾತಾಡಿದ್ದು ಓದುವುದರ ಬಗ್ಗೆ ಮಾತ್ರ. ಮೂರನೇ ವಾರ ಒಬ್ಬಳು ಡಬ್ಬಿ ಮುಚ್ಚಳ ತೆಗೆದು ಹಾಗೇ ಕೂತಿದ್ದಳು. ಪಕ್ಕದವಳು “ಯಾಕೆ, ಊಟ ಸೇರ್ತಿಲ್ವಾ?” ಅಂದಳು. ಅಲ್ಲಿಂದ ಶುರುವಾಯಿತು. ನಮ್ಮ ಮನೆಯಲ್ಲಿ ತೆಲುಗು. ಅವತ್ತು ನಾನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅತ್ತೆ. ಯಾರೂ ಏನೂ ಅನ್ನಲಿಲ್ಲ.

ಅಂತರಗಂಗೆ ಉತ್ತರಿಸಿದ್ದು:

ಬಸ್ಸಿನ ವಿಷಯ ನನಗೆ ನಿಜವಾಗಿಯೂ ಹೊಳೆದಿರಲಿಲ್ಲ ತಾಯಿ. ಒಪ್ಪಿದೆ.

ಕ್ಯಾತ್ಸಂದ್ರ ಮೇಡಂ ಬರೆದದ್ದು, ಮೂರು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಹೌದು, ನನ್ನ ರೂಮಿನ ಎದುರಿಗೂ ಎಕ್ಸಾಂ ಸೆಕ್ಷನ್ನೇ! ಓದಿ ಬೆಚ್ಚಿಬಿದ್ದೆ.

ಆ ಹುಡುಗ ಝೆರಾಕ್ಸ್ ಅಂಗಡಿಯಲ್ಲಿ ಒಬ್ಬನೇ ಸಿಕ್ಕ. ಸರ್ ಹೇಳಿಕೊಟ್ಟ ಎರಡು ಮಾತು ಹೇಳಿದೆ. “ಪರವಾಗಿಲ್ಲ ಬಿಡಿ ಮೇಡಂ” ಅಂದ, ಚಿಲ್ಲರೆ ಎಣಿಸಿ ಕೊಟ್ಟು ಹೋದ. ನಿಜಕ್ಕೂ ಪರವಾಗಿಲ್ಲ ಅನ್ನುವ ದನಿ ಅದಲ್ಲ. ಆದರೆ ಮೊನ್ನೆ ಎದುರಿಗೆ ಬಂದಾಗ ದಾರಿ ಬದಲಿಸಲಿಲ್ಲ.

ಎರಡು ಕ್ಲಾಸಿನಲ್ಲಿ ಚೀಟಿ ಬರೆಸಿದೆ. ಅರ್ಧಕ್ಕರ್ಧ ಬಿರಿಯಾನಿ, ಮುದ್ದೆ ಬಸ್ಸಾರು, ತಟ್ಟೆ ಇಡ್ಲಿ. ಉಳಿದದ್ದರಲ್ಲಿ ಜಾಸ್ತಿ ಇಂಗ್ಲಿಷು, ನಿದ್ದೆ, ಮನೆಯ ಸಾಲ. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ತಟ್ಟೆ ಇಡ್ಲಿ’ ಅಂತಿತ್ತು. ಕೆಳಗೆ ಸಣ್ಣದಾಗಿ, ಪೆನ್ಸಿಲಿನಲ್ಲಿ, ‘ಈಗ ಅದೂ ಸೇರಲ್ಲ.’ ಮರುದಿನ ಆ ಕ್ಲಾಸಿಗೆ ಹೋಗಿ ಅದೇ ಕೊನೆಯ ವಾಕ್ಯ ಇಟ್ಟುಕೊಂಡು ಹತ್ತು ನಿಮಿಷ ಮಾತಾಡಿದೆ, ಯಾರದು ಅಂತ ಕೇಳಲಿಲ್ಲ.

ಒಂಟಿಯಾಗಿ ಒಂಬತ್ತು ಜನರನ್ನು ನೋಡಿದೆ. ಇಬ್ಬರು ಒಂದೇ ಊರಿನವರು, ಒಬ್ಬಳನ್ನು ಮುಂದಿನ ಗುಂಪಿಗೆ ಇಟ್ಟೆ. ಇನ್ನೊಬ್ಬನ ಜೊತೆ ಜಿಲ್ಲಾಸ್ಪತ್ರೆಗೆ ಹೋಗಿಬಂದೆ. ಉಳಿದ ಏಳು ಜನರಿಂದ ಸೋಮವಾರ ಮಧ್ಯಾಹ್ನ ಶುರು. ಮೇಲಿನವರು ಏಳೇ ಜನಾನಾ ಅಂತ ಹುಬ್ಬೇರಿಸಿದರು. ಚೀಟಿ ಬರೆದವರ ಲೆಕ್ಕವನ್ನೂ ರಿಪೋರ್ಟಿಗೆ ಸೇರಿಸಿ ಕೊಟ್ಟೆ, ಸುಮ್ಮನಾದರು.

ಜಾಗ ಲೈಬ್ರರಿಯ ಹಿಂದಿನ ಕೋಣೆ. ಹಳೆ ಪೇಪರ್ ಕಟ್ಟುಗಳನ್ನು ನಾನೇ ಸರಿಸಿದೆ, ಚಾಪೆ ಮನೆಯಿಂದ ತಂದೆ. ಫ್ಯಾನು ಮಾತ್ರ ವಿಪರೀತ ಕಿರುಗುಟ್ಟುತ್ತದೆ. ಲೈಬ್ರರಿಯನ್ ರಿಪೇರಿ ಮಾಡಿಸುತ್ತೇನೆ ಅಂದರು. ಬೇಡ ಸರ್, ಇರಲಿ ಅಂದೆ. ಅದು ತಿರುಗುತ್ತಿದ್ದರೆ ಒಳಗಿನ ಮಾತು ಬಾಗಿಲಾಚೆ ಕೇಳಿಸುವುದಿಲ್ಲ.