ಗ್ಯಾರೇಜಿಗೆ ಹಳೆ ಕಾಲದ ಗ್ಯಾಸ್ ಸ್ಟೇಷನ್ ಬೋರ್ಡು: ಹೊಸದಾಗಿ ಮಾಡಿದ ಪ್ರತಿ ಕೊಳ್ಳಬಹುದಾ?

ಪ್ಲೇನೋ ಕನ್ನಡಿಗ
ಗ್ಯಾರೇಜಿನ ಗೋಡೆಗೆ ಪೆಟ್ರೋಲ್ ಕಂಪನಿ ಮೊಬಿಲ್‌ನ ಕೆಂಪು ರೆಕ್ಕೆಕುದುರೆ ಹಾಕಬೇಕು ಅಂತ ಬಹಳ ದಿನದ ಆಸೆ. ಹಳೆಯ ಅಸಲಿ ಪೋರ್ಸಲೀನ್ ಬೋರ್ಡಿಗೆ ಸಾವಿರಾರು ಡಾಲರ್ ಹೇಳುತ್ತಾರೆ. ಕೈಯಲ್ಲೇ ಮಾಡಿದ ಹೊಸ ಪ್ರತಿ ಅಂತ ಒಬ್ಬರು ಮಾರುತ್ತಿದ್ದಾರೆ, ನಿಯಾನ್ ದೀಪ ಸಮೇತ. ಆದರೆ ಫೋಟೋದಲ್ಲಿ ಅಂಚಿಗೆಲ್ಲ ತುಕ್ಕು. ಹೊಸದಕ್ಕೆ ತುಕ್ಕು ಯಾಕೆ? ದುಡ್ಡು ಹಾಕಲಾ, ನಕಲಿ ಅಂತ ಬಿಟ್ಟುಬಿಡಲಾ?

ಟೂಲ್‌ಬಾಕ್ಸ್
ಸುಮ್ನೆ ಎಲ್‌ಇಡಿ ಬೋರ್ಡು ತೆಗೆದುಕೊಳ್ಳಿ. ಅಗ್ಗ, ಕರೆಂಟೂ ಕಮ್ಮಿ, ಒಡೆಯುವ ಭಯವೂ ಇಲ್ಲ.

ಗಾಜಿನ ಕೊಳವೆ
ಸಂಜೆ ಹೊತ್ತು ಒಂದು ಸೈನ್ ಅಂಗಡಿಯಲ್ಲಿ ನಿಯಾನ್ ಕೊಳವೆ ಬಾಗಿಸುವುದನ್ನು ಕಲಿಯುತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ರತಿ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ. ನಿಮ್ಮ ಪಕ್ಕದ ಡಲ್ಲಾಸಿನಲ್ಲೇ, ಮ್ಯಾಗ್ನೋಲಿಯಾ ಕಟ್ಟಡದ ನೆತ್ತಿಯ ಮೇಲೆ ಇದೇ ರೆಕ್ಕೆಕುದುರೆ ನೋಡಿದ್ದೀರಲ್ವಾ? 1934ರಲ್ಲಿ ಅಲ್ಲಿ ಏರಿಸಿದ ಕುದುರೆ ತುಕ್ಕು ಹಿಡಿದು ಹಾಳಾಗಿತ್ತು. ಈಗಿರುವುದು ಹೊಸದಾಗಿ ಮಾಡಿಸಿ 2000ದ ಹೊಸ ವರ್ಷಕ್ಕೆ ಬೆಳಗಿಸಿದ್ದು. ಹಳೆಯದನ್ನು ರಿಪೇರಿ ಮಾಡಿ 2015ರಲ್ಲಿ ಆಮ್ನಿ ಹೋಟೆಲಿನ ಮುಂದೆ ನಿಲ್ಲಿಸಿದ್ದಾರೆ. ಎರಡನ್ನೂ ಹೋಗಿ ನೋಡಿ. ಮೇಲಿರುವುದನ್ನು ನಕಲಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ನೋಡಬೇಕಾದ್ದು ಕೆಲಸ. ಪೋರ್ಸಲೀನ್ ಬೋರ್ಡಿನ ಮೇಲಿರುವುದು ಗಾಜು, ನಮ್ಮ ಅಜ್ಜಿಯರ ಎನಾಮೆಲ್ ತಟ್ಟೆಯ ಮೇಲೆ ಇರುತ್ತಿತ್ತಲ್ಲ, ಅದೇ. ಗಾಜಿನ ಪುಡಿಯನ್ನು ಉಕ್ಕಿನ ತಗಡಿಗೆ ಹಚ್ಚಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುಲುಮೆಗೆ ಇಡುತ್ತಾರೆ. ಹಳೆಯ ಪದ್ಧತಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಲ. ಹಾಗಾಗಿ ಕೆಂಪು, ಬಿಳಿ ಸೇರುವ ಕಡೆ ಬೆರಳಾಡಿಸಿದರೆ ಸಣ್ಣ ಏಣು ಸಿಗುತ್ತದೆ. ಪೂರ್ತಿ ನುಣುಪಾಗಿದ್ದರೆ ಪ್ರಿಂಟ್ ಹೊಡೆದ ತಗಡು ಅಂತ ಅನುಮಾನಪಡಿ. ಹಿಂಬದಿಯನ್ನೂ ನೋಡಿ. ಅಲ್ಲೂ ಎನಾಮೆಲ್ ಇರಬೇಕು, ಒಂದೇ ಕಡೆ ಹಚ್ಚಿದರೆ ತಗಡು ಡೊಂಕಾಗುತ್ತದೆ.

ಆ ತುಕ್ಕಿನ ವಿಷಯ ಕೇಳಿ ಸಿಟ್ಟು ಬಂತು. ಅಸಲಿ ಬೋರ್ಡಿನಲ್ಲಿ ತುಕ್ಕು ಜಾಸ್ತಿ ಇರುವುದು ಸ್ಕ್ರೂ ತೂತಿನ ಸುತ್ತ, ಪೆಟ್ಟು ಬಿದ್ದು ಗಾಜು ಚಕ್ಕೆ ಎದ್ದ ಕಡೆ. ಅಂಚಿಗೆಲ್ಲ ಒಂದೇ ಸಮ ಇದ್ದರೆ ಬೇಕಂತಲೇ ಬರಿಸಿದ್ದು. ನಿಮಗೆ ಹೊಸದು ಅಂತಲೇ ಮಾರಬಹುದು. ನಾಲ್ಕು ಕೈ ದಾಟಿದ ಮೇಲೆ ಅದೇ ಬೋರ್ಡು 1940ರದ್ದು ಅಂತ ಯಾರದೋ ತಲೆಗೆ ಕಟ್ಟುತ್ತಾರೆ. ಒಳ್ಳೆಯ ಕೆಲಸಗಾರ ಹಿಂಬದಿಗೆ ತನ್ನ ಹೆಸರು, ವರ್ಷ ಹಾಕಿಯೇ ಕೊಡುತ್ತಾನೆ. ಅಂಥವರ ಹತ್ತಿರ ಮಾಡಿಸಿ. ಅದು ನಮ್ಮ ಕಾಲದ ಕೆಲಸ ಅಂತ ಗೋಡೆಯ ಮೇಲೆ ಹೆಮ್ಮೆಯಿಂದ ಇರಲಿ.

ಎಲ್‌ಇಡಿ ಬಗ್ಗೆ: ಖರ್ಚಿನ ಮಾತು ನಿಜ. ಆದರೆ ನಿಯಾನಿನ ಬೆಳಕೇ ಬೇರೆ. ಬಣ್ಣವಿಲ್ಲದ ಗಾಜಿಗೆ ನಿಯಾನ್ ಅನಿಲ ತುಂಬಿದರೆ ಸಾಕು, ಕಿತ್ತಳೆಗೆಂಪು ತಾನಾಗಿ ಬರುತ್ತದೆ. ನೀಲಿಗೆ ಆರ್ಗಾನ್, ಜೊತೆಗೆ ಒಂದು ಹನಿ ಪಾದರಸ. ಬೆಂಕಿಯಲ್ಲಿ ಮೆತ್ತಗಾದ ಕೊಳವೆಯನ್ನು ಬಾಗಿಸಲು ಸಿಗುವುದು ಕೆಲವೇ ಸೆಕೆಂಡು. ಆಗಲೇ ರಬ್ಬರ್ ಪೈಪಿನಿಂದ ಊದುತ್ತಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಕುದುರೆಯ ರೆಕ್ಕೆಯ ತಿರುವುಗಳನ್ನೇ ಮೊದಲು ನೋಡಿ. ಕೈ ಪಳಗಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಪ್ಲೇನೋ ಕನ್ನಡಿಗ
ಹಿಂಬದಿಯ ಫೋಟೋ ಕೇಳಿದೆ. ಮಾರುವವರಿಂದ ಉತ್ತರವೇ ಇಲ್ಲ. ಬಿಟ್ಟೆ. ಬೇರೆಯವರ ಹತ್ತಿರ ಮಾಡಿಸುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಿಯಾನ್ ಅಪಾಯ ಅಲ್ವಾ?

ಗಾಜಿನ ಕೊಳವೆ
ಎಚ್ಚರ ಬೇಕೇ ಬೇಕು. ಟ್ರಾನ್ಸ್‌ಫಾರ್ಮರು 15,000 ವೋಲ್ಟ್‌ವರೆಗೂ ಕೊಡಬಲ್ಲದು. ಯುಎಲ್ ಗುರುತು (ಸುರಕ್ಷತೆಯ ಪರೀಕ್ಷೆ ಆಗಿದೆ ಅನ್ನುವ ಮುದ್ರೆ) ಇರುವ, ಗ್ರೌಂಡ್ ಫಾಲ್ಟ್ ಆದರೆ, ಅಂದರೆ ಕರೆಂಟು ನೆಲಕ್ಕೆ ಸೋರಿದರೆ, ತಾನೇ ಆಫ್ ಆಗುವಂಥದ್ದನ್ನೇ ಕೇಳಿ. ಮಕ್ಕಳ ಕೈಗೆ ಸಿಗದ ಎತ್ತರಕ್ಕೆ ಹಾಕಿಸಿ, ವೈರಿಂಗ್ ಎಲೆಕ್ಟ್ರಿಷಿಯನ್ನಿಂದಲೇ ಆಗಲಿ. ಸಿನ್ಸಿನಾಟಿ ಕಡೆ ಹೋದರೆ ಅಮೆರಿಕನ್ ಸೈನ್ ಮ್ಯೂಸಿಯಂ ತಪ್ಪಿಸಬೇಡಿ. ಅದರೊಳಗೇ ಒಂದು ನಿಯಾನ್ ಅಂಗಡಿ ಇದೆ, ಕೊಳವೆ ಬಾಗಿಸುವ ಕೆಲಸವನ್ನು ಹತ್ತಿರದಿಂದ ನೋಡಿ ಆಮೇಲೆ ಆರ್ಡರ್ ಕೊಡಿ.