‘ಎತ್ತು ಏರಿಗೆಳೀತು’: ಇದು ಯಾವ ಏರಿ?

ಗೆಳೆಯರೆ,

‘ಎತ್ತು ಏರಿಗೆಳೀತು, ಕೋಣ ನೀರಿಗೆಳೀತು’ ಅನ್ನೋ ಗಾದೆ ಕೇಳದವರು ನಮ್ಮಲ್ಲಿ ಕಡಿಮೆ. ಸಮ್ಮಿಶ್ರ ಸರ್ಕಾರದಲ್ಲಿ ಜಗಳ ಶುರುವಾದರೆ ಪತ್ರಿಕೆಯವರಿಗೆ ಮೊದಲು ನೆನಪಾಗುವುದೇ ಇದು. ನನ್ನ ಪ್ರಶ್ನೆ ಅದರಲ್ಲಿರುವ ‘ಏರಿಗೆ’ ಎಂಬ ಮಾತಿನ ಬಗ್ಗೆ, ಜೊತೆಗೆ ನಮ್ಮ ಮನೆಯಲ್ಲಿ ಆ ಗಾದೆಗಿದ್ದ ಒಂದು ಬಾಲದ ಬಗ್ಗೆ.

ನಮ್ಮಜ್ಜಿ ಬೆಂಗಳೂರಿನ ವರ್ತೂರು ಕಡೆಯವರು. ಅವರ ಬಾಯಲ್ಲಿ ಅದು ಹೀಗಿತ್ತು: ‘ಎತ್ತು ಏರ್ಗೆಳೀತು, ಕ್ವಾಣ ನೀರ್ಗೆಳೀತು, ಕಟ್ದೋನ್ಗೆ ಗ್ಯಾನ ಬ್ಯಾಡ್ವಾ?’ ಈ ಮೂರನೆಯ ತುಂಡನ್ನು ನಾನು ಬೇರೆಯವರ ಬಾಯಲ್ಲಿ ಕೇಳಿಲ್ಲ.

ಮೊದಲು ಪದದ ವಿಚಾರ. ನಮ್ಮ ಮನೆಯ ಹುಡುಗರನ್ನು ಕೇಳಿದರೆ, ಏರಿಗೆ ಅಂದರೆ ಮೇಲಕ್ಕೆ, ದಿಬ್ಬದ ಕಡೆಗೆ ಅನ್ನುತ್ತಾರೆ. ವ್ಯಾಕರಣದ ಪ್ರಕಾರ ಅದನ್ನು ತಳ್ಳಿಹಾಕುವಂತಿಲ್ಲ. ನೀರು ‘ನೀರಿಗೆ’ ಆದಹಾಗೆ ಏರು ‘ಏರಿಗೆ’ ಆಗುತ್ತದೆ. ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಂಡೆಗೆ ಏರಿ ಅನ್ನುತ್ತಾರೆ, ಅದಕ್ಕೂ ವಿಭಕ್ತಿ ಹಚ್ಚಿದರೆ ಅದೇ ರೂಪ. ಸಾಲದ್ದಕ್ಕೆ ಇನ್ನೊಂದು ಏರೂ ಉಂಟು: ನೇಗಿಲಿಗೆ ಹೂಡಿದ ಎತ್ತಿನ ಜೋಡಿ. ಯುಗಾದಿ ಹೊತ್ತಿನ ಮೊದಲ ಉಳುಮೆಗೆ ಹೊನ್ನೇರು ಅನ್ನುತ್ತಾರಲ್ಲ, ಆ ಏರು. ಹಾಗೆ ಓದಿದರೆ ಎತ್ತಿಗೆ ಗೇಮೆಯ ಆಸೆ, ಕೋಣಕ್ಕೆ ನೀರಿನ ಆಸೆ ಎಂದಾಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ನೊಗಕ್ಕೆ ಕಟ್ಟಿಯಾದ ಮೇಲೆ ಎತ್ತು ಏರಿನಲ್ಲೇ ಇರುತ್ತದೆ. ಅದು ಏರಿನ ಕಡೆಗೆ ಎಳೆಯುವುದಾದರೂ ಹೇಗೆ?

ನನ್ನ ಮಟ್ಟಿಗೆ ಇದು ಕೆರೆ ಏರಿಯೇ. ಬೆಂಗಳೂರು, ಕೋಲಾರದ ಸೀಮೆಯಲ್ಲಿ ದೊಡ್ಡ ಹೊಳೆಗಳಿಲ್ಲ, ಬದುಕೆಲ್ಲ ಕೆರೆಯ ಮೇಲೆ. ಗಾಡಿದಾರಿ ಎಷ್ಟೋ ಕಡೆ ಏರಿಯ ಮೇಲೇ ಹೋಗುತ್ತಿತ್ತು. ಒಂದು ಮಗ್ಗುಲಿಗೆ ತುಂಬಿದ ನೀರು, ಇನ್ನೊಂದು ಮಗ್ಗುಲಿಗೆ ಅಚ್ಚುಕಟ್ಟಿನ ಗದ್ದೆ. ಎತ್ತಿಗೆ ಗಟ್ಟಿ ನೆಲ ಬೇಕು, ಅದು ಏರಿಯನ್ನು ಬಿಡುವುದಿಲ್ಲ. ಕೋಣದ ಸಂಗತಿ ಬೇರೆ. ದನಗಳಿಗೆ ಹೋಲಿಸಿದರೆ ಅದರ ಮೈಯಲ್ಲಿ ಬೆವರಿನ ಗ್ರಂಥಿ ಕಡಿಮೆ, ಚರ್ಮ ಕಪ್ಪು, ಕೂದಲು ವಿರಳ. ಬಿಸಿಲೇರಿದ ಮೇಲೆ ಮೈ ತಣಿಯಬೇಕೆಂದರೆ ನೀರಿಗೋ ಕೆಸರಿಗೋ ಇಳಿಯಲೇಬೇಕು. ಹಟಕ್ಕೆ ಬಿದ್ದು ಎಳೆಯುತ್ತಿದೆ ಅಂದುಕೊಂಡರೆ ಅದಕ್ಕೆ ಅನ್ಯಾಯ ಮಾಡಿದಂತೆ. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿ ಮಧ್ಯಾಹ್ನದ ಹೊತ್ತಿಗೆ ಕೆರೆ ಹತ್ತಿರ ಬಂದರೆ ಏನಾಗುತ್ತದೆಂದು ಕಣ್ಣಾರೆ ಕಂಡವರೇ ಈ ಗಾದೆ ಕಟ್ಟಿರಬೇಕು. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ಆ ಅರ್ಥ ಇಟ್ಟುಕೊಂಡರೆ ಎರಡೂ ನೀರಿಗೇ ಎಳೆದಂತಾಗಿ ಗಾದೆಗೆ ಅರ್ಥವೇ ಉಳಿಯುವುದಿಲ್ಲ!

ಹೀಗಿದ್ದ ಮೇಲೆ ಅಜ್ಜಿಯ ಬಾಲ ನನಗೆ ಬಹಳ ಮುಖ್ಯ ಅನಿಸುತ್ತದೆ. ಎತ್ತಿನದೂ ತಪ್ಪಿಲ್ಲ, ಕೋಣದ್ದೂ ತಪ್ಪಿಲ್ಲ, ತಪ್ಪು ಕಟ್ಟಿದವನದು. ಮನೆ ಕಟ್ಟಿಸುವಾಗ ತಾತ ಉಸ್ತುವಾರಿಯನ್ನು ಅಪ್ಪನಿಗೂ ಚಿಕ್ಕಪ್ಪನಿಗೂ ಸೇರಿಸಿ ಒಪ್ಪಿಸಿದ್ದರಂತೆ. ರಸ್ತೆ ಕಡೆಗೆ ಎರಡು ಅಂಗಡಿ ಬಿಡಬೇಕು ಅಂತ ಅಪ್ಪ, ಅಂಗಳ ಬಿಡಬೇಕು ಅಂತ ಚಿಕ್ಕಪ್ಪ. ಮೇಸ್ತ್ರಿ ಒಬ್ಬರ ಮಾತು ಕೇಳಿ ಪಾಯದ ಗೆರೆ ಹಾಕಿದರೆ ಇನ್ನೊಬ್ಬರು ಬಂದು ಅಳಿಸುವರು. ಅಜ್ಜಿ ಗಾದೆ ಹೇಳಿದ್ದು ಮಕ್ಕಳಿಗಲ್ಲ, ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ತಾತನಿಗೆ. ತಾತ ಮರುಮಾತಾಡದೆ ಉಸ್ತುವಾರಿಯನ್ನು ಚಿಕ್ಕಪ್ಪನೊಬ್ಬರಿಗೇ ಬಿಟ್ಟರು. ಪತ್ರಿಕೆಗಳಲ್ಲಿ ಈ ಗಾದೆ ಬರೀ ಜಗಳವಾಡುವವರ ಮೇಲೆ ಬೀಳುತ್ತದೆ. ನಮ್ಮ ಮನೆಯಲ್ಲಿ ಅದು ಜೋಡಿ ಮಾಡಿದವರನ್ನು ಕೇಳುವ ಪ್ರಶ್ನೆಯಾಗಿತ್ತು. ಹೊಂದದ ಮದುವೆಯ ಮಾತು ಬಂದಾಗಲೂ ಅಜ್ಜಿ ಗಂಡು ಹೆಣ್ಣನ್ನು ಬಯ್ಯುತ್ತಿರಲಿಲ್ಲ, ಸಂಬಂಧ ಕುದುರಿಸಿದ ಹಿರಿಯರನ್ನೇ ಕೇಳುತ್ತಿದ್ದರು.

ಏರಿ ಎಂಬ ಪದ ಹುಡುಗರಿಗೆ ಹೊಳೆಯದಿರುವುದಕ್ಕೆ ಊರು ಬೆಳೆದ ರೀತಿಯೂ ಕಾರಣ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಹೋದ ಕಡೆ ಏರಿ, ತೂಬು, ಕೋಡಿ, ನೀರಗಂಟಿ ಎಲ್ಲವೂ ಮಾತಿನಿಂದ ಜಾರಿದವು. ‘ವರ್ತೂರು ಕೋಡಿ’ ಇವತ್ತಿಗೂ ಬಸ್ ನಿಲ್ದಾಣದ ಹೆಸರು, ಆದರೆ ಅಲ್ಲಿ ಇಳಿಯುವ ಎಷ್ಟೋ ಜನರಿಗೆ ಕೋಡಿ ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗ ಅಂತ ಹೇಳುವವರಿಲ್ಲ. ಕೆರೆ ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ, ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು. ಈಗ ಓದುವುದೆಲ್ಲ ರಕ್ತದ ಕೋಡಿ, ಕಣ್ಣೀರ ಕೋಡಿ. ಅಷ್ಟು ಸಂತೋಷದ ಪದಕ್ಕೆ ಇಂಥ ಗತಿ ಬಂದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ನಿಮ್ಮ ಮನೆಯ ಹಿರಿಯರು ಈ ಗಾದೆಯನ್ನು ಯಾರ ಮೇಲೆ ಹೇಳುತ್ತಿದ್ದರು, ಎಳೆದಾಡುವವರ ಮೇಲೋ, ಕಟ್ಟಿದವರ ಮೇಲೋ? ‘ಕಟ್ದೋನ್ಗೆ’ ಎಂಬ ಬಾಲವನ್ನೋ ಅದರಂಥ ಇನ್ನೊಂದನ್ನೋ ಕೇಳಿದ್ದೀರಾ? ಮಲೆನಾಡು, ಕರಾವಳಿ ಕಡೆಯವರು ‘ಏರಿಗೆ’ ಬದಲು ಬೇರೆ ಮಾತು ಬಳಸುತ್ತಾರಾ? ಬರೆಯುವಾಗ ಹಿರಿಯರು ಯಾವ ಸೀಮೆಯವರೆಂದು ತಿಳಿಸಿ, ಅವರು ಆಡುತ್ತಿದ್ದ ಮಾತನ್ನು ತಿದ್ದದೆ ಹಾಗೇ ಬರೆಯಿರಿ.